ಅದೊಂದನ್ನು ಬಿಟ್ಟು

ಮಾರ್ಚ್ 9, ಭಾನುವಾರ

ಉಗುರಿನ ಸಂದಿಯಲ್ಲಿ ಇನ್ನೂ ಕನ್ನಡಕದಂಗಡಿಯ ಲೆನ್ಸ್ ಉಜ್ಜುವ ಪುಡಿ. ಎಷ್ಟು ತೊಳೆದರೂ ಹೋಗದು. ಹಾಗೇ ಪ್ರಾರ್ಥನಾ ಸಭೆಗೆ ಹೋದೆ. ಸೈಕಲ್ ಅಂಗಡಿಯ ಮೇಲಿನ ನಮ್ಮ ರೂಮಿಗೆ ಬೀಗ. ಅಕ್ಕಪಕ್ಕದವರು ತಕರಾರು ತೆಗೆದರಂತೆ, ಪ್ರಾರ್ಥನೆಗೆ ಇನ್ನು ರೂಮು ಕೊಡುವುದಿಲ್ಲವೆಂದು ಮಾಲೀಕನ ಮಾತು. ಸಭೆ ನಡೆಸುವ ಹಿರಿಯರು ಮೆಟ್ಟಿಲ ಮೇಲೇ ಕುಸಿದು ಕೂತರು. ಸ್ವಲ್ಪ ದಿನ ನಿಲ್ಲಿಸೋಣ ಎಂದರು. ಯಾರೂ ಬೇಡ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಮಾರ್ಚ್ 12, ಬುಧವಾರ

ಕೆಲಸ ಮುಗಿಸಿ ಅಣ್ಣನ ಮನೆಗೆ. ಸ್ಟ್ರೋಕ್ ಆದಮೇಲೆ ಅಮ್ಮನ ಬಲಗೈ ಏಳುವುದಿಲ್ಲ, ಮಾತು ತೊದಲು. ಉಣ್ಣಿಸಿ ತಲೆ ಬಾಚಿದೆ. ಅಣ್ಣ ಅಪರೂಪಕ್ಕೆ ಪಕ್ಕದಲ್ಲಿ ಬಂದು ಕೂತ. ನಾನು ದೀಕ್ಷಾಸ್ನಾನ ತಗೊಂಡು ಕ್ರೈಸ್ತಳಾದಾಗಿನಿಂದ ಅವನು ಹೀಗೆ ಕೂತದ್ದೇ ಇಲ್ಲ.

“ಅದೊಂದು ಬಿಟ್ಟುಬಿಡು. ನಾಳೆನೇ ಗಂಟುಮೂಟೆ ಕಟ್ಕೊಂಡು ಬಾ. ಅಮ್ಮನ ಜೊತೆ ಇಲ್ಲೇ ಇರು.”

ಎಷ್ಟು ಆಸೆಪಟ್ಟಿದ್ದೆ ಈ ಮಾತಿಗೆ! ಆದರೂ—

“ಅಮ್ಮನಿಗೋಸ್ಕರ ಏನು ಬೇಕಾದ್ರೂ ಮಾಡ್ತೀನಿ ಅಣ್ಣ. ಅದೊಂದನ್ನ ಕೇಳಬೇಡ.”

ಎದ್ದು ಹೋಗಿ ಬಾಗಿಲು ತೆರೆದು ನಿಂತ. ಇನ್ನು ಬರಬೇಡ ಎಂದ. ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ವಾಸಿಯಿತ್ತು.

ಮಾರ್ಚ್ 23, ಭಾನುವಾರ

ನಮ್ಮ ಸಭೆಯ ರಿಟೈರ್ ಆದ ನರ್ಸಮ್ಮ ಪ್ರಾರ್ಥನೆಗೆ ತಮ್ಮ ಅಡುಗೆಮನೆಗೇ ಕರೆದರು. ಅವರು, ನಾನು, ಕಿವಿ ಮಂದವಾದ ಟೈಲರ್. ಅಷ್ಟೇ ಜನ. ನಡುವೆ ಕುಕ್ಕರ್ ಕೂಗಿತು. ಟೈಲರ್ ಅದನ್ನೇ ಹಾಡಿನ ಶುರು ಅಂದುಕೊಂಡು ರಾಗ ಎತ್ತಿದರು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ. ನರ್ಸಮ್ಮ ಬೆನ್ನು ಸವರಿದರು.

ಏಪ್ರಿಲ್ 6, ಭಾನುವಾರ

ಪ್ರಾರ್ಥಿಸಿದರೆ ಗೋಡೆಯ ಜೊತೆ ಮಾತಾಡಿದ ಹಾಗೆ. ಅಂಗಡಿಯಲ್ಲಿ ಓನರ್, “ಪಾದ್ರಿಯಮ್ಮಾ, ನಿನ್ನ ದೇವರಿಗೇನು ರಜಾನಾ?” ಎಂದು ಕಿಚಾಯಿಸುತ್ತಾನೆ. ದಿನಾ ಇದೇ. ಇವತ್ತು ಹಾಸಿಗೆ ಬಿಟ್ಟು ಏಳಬಾರದು ಅಂತಲೇ ಇದ್ದೆ. ಟೈಲರ್ ಒಬ್ಬರೇ ಹಾಡುವುದು ಹೇಗೆ ಅಂತ ಎದ್ದು ಹೋದೆ. ದೊಡ್ಡ ಕಾರಣವೇನಲ್ಲ. ಇರುವುದು ಅದೇ.

ಮೇ 2, ಶುಕ್ರವಾರ

ಬರೆಯಲು ಮನಸ್ಸೇ ಇರಲಿಲ್ಲ ಇಷ್ಟು ದಿನ.

ಮಧ್ಯಾಹ್ನ ಅಣ್ಣ ಅಂಗಡಿಗೆ ಬಂದ. ಕನ್ನಡಕ ಮುಂದಿಟ್ಟು, ಸ್ಕ್ರೂ ಸಡಿಲವಾಗಿದೆ ಎಂದ. ನೋಡಿದೆ. ಬಿಗಿಯಾಗಿಯೇ ಇತ್ತು. ಸುಮ್ಮನೆ ತಿರುಗಿಸಿದ ಹಾಗೆ ಮಾಡಿದೆ. ಅವನು ಗಡ್ಡ ಬಿಟ್ಟಿದ್ದ, ಇಳಿದುಹೋಗಿದ್ದ. ಅತ್ತಿಗೆಗೆ ಸೊಂಟ ಹಿಡಿದಿದೆಯಂತೆ. ಮಲಗಿ ಮಲಗಿ ಅಮ್ಮನ ಬೆನ್ನಲ್ಲಿ ಹುಣ್ಣು. ಅವನು ತುತ್ತು ಹಿಡಿದರೆ ಮುಖ ತಿರುಗಿಸುತ್ತಾಳಂತೆ.

“ನಿನ್ನನ್ನೇ ಕೇಳ್ತಾಳೆ,” ಎಂದ, ಕನ್ನಡಕ ಒರೆಸುತ್ತಾ.

ಬರುತ್ತೇನೆ ಅಂದುಬಿಡುತ್ತಿದ್ದೆ. ಆದರೆ ಒಳಗೊಂದು ಹೊರಗೊಂದು ಇಟ್ಟುಕೊಂಡು ಹೋಗಬಾರದು ಅನ್ನಿಸಿತು.

“ನಾನದನ್ನ ಬಿಟ್ಟಿಲ್ಲ ಅಣ್ಣ. ಬಿಡೋದೂ ಇಲ್ಲ.”

ಕನ್ನಡಕ ಹಾಕಿಕೊಂಡ.

“ಗೊತ್ತು. ಬಾ.”

ಮೇ 4, ಭಾನುವಾರ, ಮಧ್ಯಾಹ್ನ

ಅಮ್ಮನ ಮಂಚದ ಪಕ್ಕ. ಬೆಳಗ್ಗೆ ಅಡುಗೆಮನೆ ಸಭೆ ಮುಗಿಸಿಯೇ ಬಂದೆ. ಎಲ್ಲಿಂದ ಬಂದೆ ಅಂತ ಅಣ್ಣ ಕೇಳಲಿಲ್ಲ. ಹುಣ್ಣು ತೊಳೆದು ಮುಲಾಮು ಹಚ್ಚಿ, ಅಮ್ಮನ ಕೈ ಹಿಡಿದು ಕಣ್ಣು ಮುಚ್ಚಿದೆ. ಗೋಡೆ ಗೋಡೆಯಾಗಿಯೇ ಇತ್ತು. ಆದರೂ ಹೇಳುವುದನ್ನೆಲ್ಲ ಹೇಳಿದೆ, ಮೆಲ್ಲಗೆ, ಬಾಯಿಬಿಟ್ಟು. ಕಣ್ಣು ಬಿಟ್ಟರೆ ಬಾಗಿಲಲ್ಲಿ ಅಣ್ಣ, ಕೈಯಲ್ಲಿ ಬಿಸಿನೀರಿನ ಪಾತ್ರೆ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನ ಮುಖ ಸಿಡುಕಾಗಿಯೇ ಇತ್ತು.

“ಮುಗೀತಾ? ಆ ಕಡೆಯಿಂದ ಹಿಡಿ. ಮಗ್ಗುಲು ತಿರುಗಿಸೋಣ.”

ಇಬ್ಬರೂ ಹಿಡಿದೆವು. ಅಮ್ಮ ನರಳಲಿಲ್ಲ. ಈಗ ಎಡಗೈ ಎತ್ತಿ ಏನೋ ತೋರಿಸುತ್ತಿದ್ದಾಳೆ, ನನಗಲ್ಲ, ಅವನಿಗೆ... ಕೂತ್ಕೋ ಅನ್ನುತ್ತಿರುವ ಹಾಗಿದೆ, ಇಲ್ಲೇ ನನ್ನ ಪಕ್ಕ, ನಾನು ಸರಿದು ಜಾಗ ಬಿಡಬೇ—