ಗುರುತಿನ ಪಕ್ಕದ ಗಂಟೆ

ಮನೀಶ್ ನಗರ, ನಾಗಪುರ
ಶನಿವಾರ, 16 ನವೆಂಬರ್ 2024
ಬೆಳಿಗ್ಗೆ 10.40

ಮಗಳು ಪೂರ್ವಿಗೆ, ಅಪ್ಪನ ಆಶೀರ್ವಾದ.

ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಪತ್ರದಂತೆ ‘ಐ ಬೆಗ್ ಟು ಸ್ಟೇಟ್’ ಎಂದು ಶುರುಮಾಡೋಣವೆಂದಿದ್ದೆ, ಮುಂದಿನದು ನೆನಪಾಗಲಿಲ್ಲ. ನೀನು ಕನ್ನಡ ಓದುವುದು ನಿಧಾನ. ನಿಧಾನವಾಗಿಯೇ ಓದು. ಮಿಹಾನ್‌ ಕೈಗಾರಿಕಾ ವಲಯದ ನಿನ್ನ ಆಫೀಸು ಇಲ್ಲಿಂದ ಇಪ್ಪತ್ತು ನಿಮಿಷ. ಅಮ್ಮ ಹೋದ ಮೇಲೆ ಬೇರೆ ಮನೆ ಹಿಡಿದವಳು, ಎಂಟು ತಿಂಗಳಾದ ಮೇಲೆ ಮೊನ್ನೆ ನನ್ನನ್ನು ಅಲ್ಲಿಗೆ ಕರೆಸಿದೆ. ಅದೂ ಕೆಲಸಕ್ಕೆ, ನೌಕಾಪಡೆಯಲ್ಲಿದ್ದವನ ಅಭಿಪ್ರಾಯ ಬೇಕೆಂದು.

ನಿಮ್ಮ ಹೊಸ ಕಂಪ್ಯೂಟರ್ ಪರದೆ ನೋಡಿದೆ. ಎದುರಿನ ಹಡಗು ನಮ್ಮದೋ ವೈರಿಯದೋ, ಹೊಡೆಯಬೇಕೋ ಬಿಡಬೇಕೋ ಎಂದು ಯುದ್ಧನೌಕೆಯ ಕ್ಯಾಪ್ಟನ್ ಅದನ್ನು ನೋಡಿಯೇ ತೀರ್ಮಾನಿಸಬೇಕು. ಚೆಂದ ಇದೆ. ಒಂದೊಂದು ಹಡಗಿಗೂ ಕೆಂಪು, ನೀಲಿ, ಹಳದಿ ಗುರುತು. ಆದರೆ ಯಾವ ಗುರುತು ಎಷ್ಟು ಹೊತ್ತಿನದು ಎಂದು ಅದು ಹೇಳುವುದಿಲ್ಲ. ಕೇಳಿದರೆ ನಿನ್ನ ಜೊತೆಗಾರ ಸಮರ್ಥ್ ನಕ್ಕ. “ಅಂಕಲ್, ಇದು ನಿಮ್ಮ ಕಾಲದ ಗಾಜಿನ ಹಲಗಿ ಅಲ್ರಿ. ಎಲ್ಲಾ ಬರದ್ರ ಸ್ಕ್ರೀನ್ ಮ್ಯಾಲೆ ಗರ್ದಿ ಆಗ್ತದ.” ನೀನಂತೂ ತಲೆ ಎತ್ತಲಿಲ್ಲ. “ಅಪ್ಪಾ, ಬರೋಬರ್ ಐತಿ ಅಂತ ಈ ಫಾರ್ಮಿಗೆ ಜಲ್ದಿ ಸಹಿ ಮಾಡ್ರಿ. ಸೋಮವಾರ ನೌಕಾಪಡೆಯವ್ರು ಬರ್ತಾರ.”

ಯುದ್ಧನೌಕೆಯಲ್ಲಿ ಹಡಗುಗಳ ಜಾಗ ಗುರುತಿಸುತ್ತ ಆ ಗಾಜಿನ ಹಲಗೆಯ ಹಿಂದೆ ಹನ್ನೊಂದು ವರ್ಷ ನಿಂತವನು ನಾನು. ಮುಂದೆ ಕುಳಿತವರಿಗೆ ನೇರ ಕಾಣಲೆಂದು ಪ್ರತಿ ಅಕ್ಷರವನ್ನೂ ಉಲ್ಟಾ ಬರೆಯುತ್ತಿದ್ದೆ. ಪ್ರತಿ ಗುರುತಿನ ಪಕ್ಕ ಅದನ್ನು ಕಂಡ ಗಂಟೆ, ನಿಮಿಷ. ಒಮ್ಮೆ ಸಮರಾಭ್ಯಾಸದಲ್ಲಿ ಗಂಟೆ ಬರೆಯುವುದು ಬಿಟ್ಟೆ. ಹನ್ನೆರಡು ನಿಮಿಷ ಹಳೆಯ ಗುರುತನ್ನು ಹೊಸದೆಂದು ನಂಬಿ ನಮ್ಮದೇ ತೈಲದ ಹಡಗನ್ನು ಮುಳುಗಿಸಿದೆವು, ಕಾಗದದ ಮೇಲೆ. ಕ್ಯಾಪ್ಟನ್ ಬೈಯಲಿಲ್ಲ. “ನೀನು ಬರೆದದ್ದು ನಿಜವೇ ಮುರಳೀಧರ, ಆದರೆ ಯಾವಾಗಿನ ನಿಜ ಎಂದು ಹೇಳಲಿಲ್ಲ” ಎಂದರು.

ಅದಕ್ಕೇ ನಿನ್ನ ಫಾರ್ಮಿಗೆ ಸಹಿ ಹಾಕಲಿಲ್ಲ. ಲಿಫ್ಟಿನ ಹತ್ತಿರ ನೀನು ಕೇಳಿದೆ: “ಅಮ್ಮನ ಸೇಡು ಇದರಾಗ ತೀರಿಸ್ಕೊಳ್ಳಾಕ್ಹತ್ತೀರೇನು?”

ಹೌದೆಂದೇ ಇಟ್ಟುಕೋ. ಅವಳು ಆಸ್ಪತ್ರೆಯಲ್ಲಿದ್ದ ವಾರ ನೀನು ವಿಶಾಖಪಟ್ಟಣದಲ್ಲಿ ಇದೇ ಪರದೆಯ ಪರೀಕ್ಷೆಯಲ್ಲಿದ್ದೆ. ದಿನಾ ಸಂಜೆ ಫೋನಿನಲ್ಲಿ ನಾನು ‘ಸ್ಟೇಬಲ್’ ಎಂದೆ. ‘ಓಕೆ ಅಪ್ಪಾ’ ಎಂದೆ ನೀನು. ಬರಲಾ ಎಂದು ಒಂದು ಸಲವಾದರೂ ಕೇಳಿದೆಯಾ? ಶುಕ್ರವಾರ ಬೆಳಿಗ್ಗೆ ಅವಳು ಹೋದಳು. ಹನ್ನೊಂದನೆಯ ದಿನ ನೆಂಟರೆದುರು, ಮಗಳಿಗೆ ತಾಯಿಗಿಂತ ಪರದೆ ದೊಡ್ಡದಾಯಿತು ಎಂದೆ. ಆ ಮಾತಿಗೇ ನೀನು ಮನೆ ಬಿಟ್ಟದ್ದು. ಹಿಂದಕ್ಕೆ ತೆಗೆದುಕೊಂಡಿಲ್ಲ ನಾನು. ಕ್ಯಾಪ್ಟನ್ನರ ಕಣ್ಣಿಗೆ ಏನು ಬೀಳಬೇಕೆಂದು ತಿಳಿದವಳಿಗೆ ಅಪ್ಪನ ದನಿಯಲ್ಲಿ ಏನೂ ಕಾಣಲಿಲ್ಲವೆ?

ಸಹಿಯಿಲ್ಲದ ಫಾರ್ಮು ಇದರೊಳಗಿದೆ.

ನಿನ್ನ ಅಪ್ಪ,
ಮುರಳೀಧರ

ತಾ.ಕ. (ಬೆಳಿಗ್ಗೆ 11.25): ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ‘ಸ್ಟೇಬಲ್’ ಎಂಬುದು ಡಾಕ್ಟರರು ಮಂಗಳವಾರ ಬೆಳಿಗ್ಗೆ ಹೇಳಿದ ಮಾತು. ಬುಧವಾರ ಮಧ್ಯಾಹ್ನ ಎರಡು ಗಂಟೆಗೆ, ಮಗಳನ್ನು ಕರೆಸಿ ಎಂದಿದ್ದರು. ನಿನ್ನ ಪರೀಕ್ಷೆ ಕೆಡಬಾರದೆಂದು ಬುಧವಾರವೂ ಗುರುವಾರವೂ ನಿನಗೆ ಮಂಗಳವಾರದ ಮಾತನ್ನೇ ಕೊಟ್ಟೆ. ಗುರುವಾರ ಸಂಜೆ 6.10ಕ್ಕೆ ನಿನ್ನ ಅಮ್ಮ ಕಣ್ಣು ಬಿಟ್ಟು, “ಪೂರ್ವಿ ಹೊಂಟಾಳೇನ್ರಿ?” ಎಂದು ಕೇಳಿದಳು.

ಹೊಂಟಾಳ ಅಂದೆ.