ಕಟ್ಟಿದ ಹೆಬ್ಬೆರಳು

ಕೊಳ್ಳೇಗಾಲ
ಆಗಸ್ಟ್ ೧೯೫೫

ಅವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ. ಬದುಕಿದ್ದಾಗ ಬರೆಯದ ಕಾಗದವನ್ನು ನೀನು ಹೋಗಿ ಎರಡು ವರ್ಷವಾದ ಮೇಲೆ ಬರೆಯುವುದರಲ್ಲಿ ಅರ್ಥವಿಲ್ಲವೆಂದು ನನಗೂ ಗೊತ್ತು. ಆದರೆ ಇವತ್ತು ನಾನು ಮಾಡಿದ ಕೆಲಸ ನಿನ್ನ ಹೆಸರಿಗೆ ತಗಲುವಂಥದ್ದು. ಬೇರೆಯವರು ನಿನಗೆ ಸುದ್ದಿ ಮುಟ್ಟಿಸುವ ಮೊದಲು ನಾನೇ ಹೇಳಬೇಕು.

ನಮ್ಮ ಚರ್ಚಿಗೆ ಐವತ್ತು ವರ್ಷ ತುಂಬುತ್ತದೆಂದು ಪುಸ್ತಕ ತರುತ್ತಿದ್ದಾರೆ. ಅದರಲ್ಲಿ ನಿನಗೊಂದು ಪುಟ. ಉಪದೇಶಿ ರಾಯಪ್ಪನವರು ಕಳೆದ ವಾರ ಕರಡು ತಂದುಕೊಟ್ಟರು. ಮೇಲೆ ‘ಆದರ್ಶ ತಾಯಿ ಮದಲೇನಮ್ಮ’ ಎಂದಿತ್ತು. ಆರು ಮಕ್ಕಳನ್ನು ಸಾಕಿದ್ದು, ಅಪ್ಪನ ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುತ್ತಿದ್ದದ್ದು, ರಾಮಾಪುರದ ಕಡೆ ಚಳಿಜ್ವರ ಹಬ್ಬಿದಾಗ ಗಾಡಿಯಲ್ಲಿ ಹೋಗಿ ಕ್ವಿನೈನ್ ಹಂಚಿದ್ದು, ಬಾವಿಗೆ ಔಷಧಿ ಹಾಕಿಸಲು ತಾಲೂಕು ಕಚೇರಿಯ ಮೆಟ್ಟಿಲ ಮೇಲೆ ಎರಡು ದಿನ ಕೂತದ್ದು, ಎಲ್ಲ ನಾಲ್ಕು ಸಾಲಿನಲ್ಲಿ ಮುಗಿದಿತ್ತು. ಉಳಿದ ಪುಟವೆಲ್ಲ ನಲವತ್ತನಾಲ್ಕರ ಕಾಲರಾ. ನೇಕಾರರ ಬೀದಿಯಲ್ಲಿ ಸಾಯುತ್ತಿದ್ದ ಹದಿನೇಳು ಕೂಸುಗಳಿಗೆ ನೀನು ಗುಟ್ಟಾಗಿ ತಲೆಗೆ ನೀರು ಬಿಟ್ಟು, ಜ್ಞಾನಸ್ನಾನ ಕೊಟ್ಟು, ಕ್ರೈಸ್ತರನ್ನಾಗಿಸಿ ಸ್ವರ್ಗಕ್ಕೆ ಕಳಿಸಿದೆಯಂತೆ. ಕೆಳಗೆ ಸಾಕ್ಷಿಯೆಂದು ನನ್ನ ಸಹಿಗೆ ಜಾಗ ಬಿಟ್ಟಿದ್ದರು. ನಿನ್ನ ಜೊತೆ ಆ ಬೀದಿ ಸುತ್ತಿದವಳು ನಾನೊಬ್ಬಳೇ ಅಲ್ಲವೇ.

ನನಗಾಗ ಇಪ್ಪತ್ತೊಂಬತ್ತು. ನಾನು ಕಲಿಸುತ್ತಿದ್ದ ಶಾಲೆ ಮುಚ್ಚಿದ್ದರು. ಯಳಂದೂರಿನ ಕಡೆ, ಮೈಸೂರು ಸೀಮೆಯ ಗಡಿಯಲ್ಲಿ, ನಮ್ಮೂರ ಗಾಡಿಗಳನ್ನು ತಡೆದು ನಿಲ್ಲಿಸಿದ್ದರು. ಜಿಲ್ಲೆಯ ದೊಡ್ಡ ಡಾಕ್ಟರು ಕೊಯಮತ್ತೂರಿನಿಂದ ಬರಬೇಕಿತ್ತು, ಬರಲಿಲ್ಲ. ಸ್ವಯಂಸೇವಕರ ಪಟ್ಟಿಯಲ್ಲಿ ಹೆಂಗಸರೆಂದರೆ ನಾವಿಬ್ಬರೇ. ಉಪ್ಪು ಬೆರೆಸಿದ ಗಂಜಿತಿಳಿಯನ್ನು ತಂಬಿಗೆಯಲ್ಲಿ ಹಿಡಿದು ಮನೆಮನೆಗೆ ಹೋಗುತ್ತಿದ್ದೆವು.

ತಪ್ಪು ಆದದ್ದು ಎರಡನೆಯ ದಿನ. ನೇಕಾರರ ಬೀದಿಯ ಚಿಕ್ಕಬಸಮ್ಮನ ಕೂಸಿಗೆ ತಿಳಿ ಕುಡಿಸಿ, ಚಿಕ್ಕಂದಿನಲ್ಲಿ ನಮ್ಮನ್ನು ಮಲಗಿಸುವಾಗ ಮಾಡುತ್ತಿದ್ದ ಹಾಗೆಯೇ ನೀನು ಒದ್ದೆ ಹೆಬ್ಬೆರಳಿನಿಂದ ಅದರ ಹಣೆಗೆ ಶಿಲುಬೆ ಗುರುತು ಎಳೆದೆ. ಎಳೆದದ್ದು ನಿನಗೇ ಗೊತ್ತಾಗಲಿಲ್ಲ. ಚಿಕ್ಕಬಸಮ್ಮ ಕೂಸನ್ನು ಕಸಿದುಕೊಂಡಳು.

“ನೀರಾಕಿ ನಿಮ್ ಜಾತಿಗ್ ಸೇರುಸ್ಕಂಬುಟ್ರಾ?” ಎಂದಳು.

ಸಂಜೆಯೊಳಗೆ ಬೀದಿಯ ಬಾಗಿಲೆಲ್ಲ ನಮಗೆ ಮುಚ್ಚಿದವು. ಒಳಗೆ ಕೂಸುಗಳು ವಾಂತಿ ಮಾಡುವ ಸದ್ದು ಹೊರಗೆ ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಅಪ್ಪನ ಅಂಗಡಿಯ ಚೂರುಬಟ್ಟೆಯಿಂದ ಬಲಗೈ ಹೆಬ್ಬೆರಳನ್ನು ಅಂಗೈಗೆ ಸೇರಿಸಿ ಬಿಗಿಯಾಗಿ ಕಟ್ಟಿಕೊಂಡು ನೀನು ಬೀದಿಯ ನಡುವೆ ಹೋಗಿ ನಿಂತೆ. ನನಗೆ ನಾಚಿಕೆಯಾಗಿತ್ತು, ಹೇಳಿಬಿಡುತ್ತೇನೆ. ನಿನ್ನಿಂದ ನಾಲ್ಕು ಹೆಜ್ಜೆ ದೂರವೇ ಇದ್ದೆ.

“ನಿಮ್ ಕೂಸ್ಗಳ್ ಬಾಯ್ಗ್ ಮಾತ್ರ ನೀರು. ತಲೆ ಮ್ಯಾಲೆ ಒಂದ್ ತೊಟ್ ಬಿದ್ರೂ ಈ ಕೈ ಕಡೀರಿ” ಎಂದೆ ನೀನು.

ಮುದುಕ ಪುಟ್ಟಮಲ್ಲಪ್ಪ ಮಗ್ಗದ ಗುಂಡಿಯಲ್ಲಿ ಕೂತಲ್ಲಿಂದಲೇ ಕಿಟಕಿಯಲ್ಲಿ ಇಣುಕಿದ. ಬೆರಳಿಗೆ ಬಟ್ಟೆ ಕಟ್ಟಿದರೆ ನಿಮ್ಮ ದೇವರು ಸುಮ್ಮನಿರುತ್ತಾನೆಯೇ ಎಂದು ಚುಚ್ಚಿದ.

“ಅವ್ನ್ ಸುಮ್ಕಿರ್ತಾನೆ ಕಣಪ್ಪ. ಬೆರಳೇ ಸುಮ್ಕಿರಲ್ಲ” ಎಂದೆ ನೀನು.

ಅವನು ನಕ್ಕ. ಮೊದಲು ತೆರೆದದ್ದು ಅವನ ಬಾಗಿಲು.

ಇಪ್ಪತ್ತಮೂರು ದಿನ ಆ ಕಟ್ಟು ಬಿಚ್ಚಲಿಲ್ಲ. ಮನೆಯಲ್ಲಿ ಮುದ್ದೆ ಮುರಿಯುವಾಗಲೂ ನಾಲ್ಕೇ ಬೆರಳು. ಹದಿನೇಳು ಕೂಸುಗಳು ಹೋದವು, ಚಿಕ್ಕಬಸಮ್ಮನದೂ ಸೇರಿ. ಅದು ನಿನ್ನ ತೊಡೆಯ ಮೇಲೆಯೇ ಹೋಯಿತು. ಅದರ ತಲೆಯ ಮೇಲೆ ಒಂದು ತೊಟ್ಟೂ ಬೀಳಲಿಲ್ಲ. ನಾನು ನೋಡಿದ್ದೇನೆ. ಬದುಕಿ ಉಳಿದವುಗಳನ್ನು ಯಾರೂ ಎಣಿಸಲಿಲ್ಲ.

ಚರ್ಚಿನ ಆಗಿನ ಗುರುಗಳು ನಿನ್ನನ್ನು ಕರೆಸಿದರು. ಸಾಯುವ ಕೂಸಿಗೆ ಯಾರು ಬೇಕಾದರೂ ನೀರು ಬಿಟ್ಟು ದೇವರ ಮೂರು ಹೆಸರು ಹೇಳಿ ಜ್ಞಾನಸ್ನಾನ ಕೊಡಬಹುದು, ಗುರುವೇ ಬೇಕೆಂದಿಲ್ಲ; ಕೈಯಲ್ಲಿ ತಂಬಿಗೆ ಇಟ್ಟುಕೊಂಡು ಹದಿನೇಳು ಆತ್ಮಗಳನ್ನು ಬಿಟ್ಟುಕೊಟ್ಟೆಯಲ್ಲ ಎಂದರು. ಅವರ ಕಣ್ಣಲ್ಲಿ ನೀರಿತ್ತು; ಸುಳ್ಳು ನೀರಲ್ಲ. ಪಾಪನಿವೇದನೆಯಲ್ಲಿ ಇದಕ್ಕೆ ಪಶ್ಚಾತ್ತಾಪ ಪಡು ಎಂದರು. ಪಡಬೇಕಾದ್ದು ಬಹಳ ಇದೆ, ಇದು ಆ ಪಟ್ಟಿಯಲ್ಲಿಲ್ಲ ಎಂದು ನೀನು ಎದ್ದುಬಂದೆ. ಅಲ್ಲಿಂದ ಹನ್ನೊಂದು ತಿಂಗಳು ನಿನಗೆ ಪೂಜೆಯಲ್ಲಿ ಕೊಡುವ ಪರಮಪ್ರಸಾದವಿಲ್ಲ. ಪ್ರತಿ ಭಾನುವಾರ ಸಾಲೆಲ್ಲ ಎದ್ದು ಮುಂದೆ ಹೋಗುವಾಗ ನೀನೊಬ್ಬಳೇ ಇದ್ದಲ್ಲೇ ಮಂಡಿಯೂರಿರುತ್ತಿದ್ದೆ. ತಮ್ಮನ ಮದುವೆಯ ಪೂಜೆಯಲ್ಲೂ ಹಾಗೇ. ಹೆತ್ತವಳೇ ಏಳಲಿಲ್ಲವೆಂದು ಹನೂರಿನಿಂದ ಬಂದಿದ್ದ ಬೀಗರು ಪಿಸುಗುಟ್ಟಿದರು. ಅಪ್ಪ ಆ ದಿನ ಊಟ ಮಾಡಲಿಲ್ಲ.

ಆ ಸಂಜೆ ನಾನೇ ನಿನಗೆ ಸುಳ್ಳು ಹೇಳಿಕೊಟ್ಟೆ. ಒಂದು ಕೂಸಿಗಾದರೂ ಜ್ಞಾನಸ್ನಾನ ಕೊಟ್ಟೆ ಎಂದುಬಿಡು, ಯಾರು ನೋಡಿದ್ದಾರೆ ಎಂದೆ. ನೀನು ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟೆ.

“ಅಂಗಂತ ಏಳುದ್ರೆ, ಮುಂದ್ಲ್ ಸಲ ಆ ಬೀದೀಲಿ ಯಾವ್ ತಾಯಿ ನನ್ ಕೈಗ್ ಕೂಸ್ ಕೊಟ್ಟಾಳು, ಲೂರ್ದು? ಕೂಸ್ಗಳ್ನ ಕೈಬಿಡೋ ದೇವ್ರಾಗಿದ್ರೆ ನಾನ್ಯಾಕ್ ಅವನ್ ಮುಂದೆ ಮಂಡಿ ಊರ್ತಿದ್ದೆ?”

ಆ ಗುರುಗಳಿಗೆ ವರ್ಗವಾಯಿತು. ಮುಂದೆ ಬಂದವರು ಏನೂ ಕೇಳದೆ ಪ್ರಸಾದ ಕೊಟ್ಟರು. ನನ್ನ ನಂಬಿಕೆ ನಿನ್ನಷ್ಟು ಗಟ್ಟಿಯಲ್ಲ, ಅವ್ವಾ. ಒಳಗೆ ಎಷ್ಟು ಉಳಿದಿದೆಯೆಂದು ಮುಚ್ಚಳ ತೆಗೆದು ನೋಡುವ ಧೈರ್ಯ ಮಾಡಿಲ್ಲ. ಆದರೆ ಆ ಸಂಜೆ ನೀನು ಹೇಳಿದ್ದನ್ನು ನಾನು ನಂಬುತ್ತೇನೆ.

ಮಂಗಳವಾರ ಚಿಕ್ಕಬಸಮ್ಮ ಶಾಲೆಯ ಹತ್ತಿರ ಕಾದಿದ್ದಳು. ತಲೆ ಬೆಳ್ಳಗಾಗಿದೆ.

“ಟೀಚರಮ್ಮ, ಪುಸ್ತಕದಲ್ಲಿ ಬತ್ತದಂತಲ್ಲ. ನನ್ ಕೂಸ್ಗೂ ಆಕಿದ್ರಂತಾ?”

ಇಲ್ಲ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

“ಅಚ್ಚಾಗೋದು ಇಲ್ಲ ಅಂತಲ್ವಲ್ಲವ್ವ” ಎಂದಳು.

ಇವತ್ತು ಈಗಿನ ಗುರುಗಳ ಹತ್ತಿರ ಹೋದೆ. ಒಳ್ಳೆಯವರು, ಕುರ್ಚಿ ಹಾಕಿಸಿದರು. ಇದು ನಡೆದಿಲ್ಲ ಎಂದೆ. ಇಷ್ಟು ವರ್ಷವಾದ ಮೇಲೆ ಇದರಿಂದ ಯಾರಿಗೇನು ನೋವು ಎಂದು ಕೇಳಿದರು. ಹದಿನೇಳು ತಾಯಂದಿರ ಮನೆಯ ದಾರಿ ಹೇಳಿದೆ. ಬರೆಯುವುದಾದರೆ ನಮ್ಮವ್ವ ಕೊಡಲಿಲ್ಲ ಎಂದು ಬರೆಯಿರಿ, ಹನ್ನೊಂದು ತಿಂಗಳು ಪ್ರಸಾದ ತಪ್ಪಿದ್ದನ್ನೂ ಬರೆಯಿರಿ ಎಂದೆ. ಅದಕ್ಕೆ ಮೇಲಿನವರ ಒಪ್ಪಿಗೆ ಸಿಗದು ಎಂದರು. ಹಾಗಾದರೆ ಪುಟವೇ ಬೇಡ ಎಂದೆ. “ನಿಮ್ಮ ತಾಯಿಗೆ ಇನ್ನೊಂದು ಸಲ ಇಂಥ ಗೌರವ ಸಿಗುವುದಿಲ್ಲ, ಟೀಚರ್” ಎಂದರು, ಮೆಲ್ಲಗೆ. ನಾನು ಅವರ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಕರಡಿನ ಮೂಲೆಯಿಂದ ಮೂಲೆಗೆ ಗೆರೆ ಎಳೆದೆ. ಸಾಕ್ಷಿಯ ಜಾಗದಲ್ಲಿ ‘ಹೀಗೆ ನಡೆದಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಪುಸ್ತಕ ಬರುತ್ತದೆ, ಅದರಲ್ಲಿ ನೀನಿರುವುದಿಲ್ಲ. ತೆಗೆಸಿದವಳು ನಾನು. ತಮ್ಮಂದಿರು ಬೈಯುತ್ತಾರೆ, ಬೈಯಲಿ. ಬರುವ ದಾರಿಯಲ್ಲಿ ಚಿಕ್ಕಬಸಮ್ಮನಿಗೆ ಹೇಳಿಬಂದೆ. “ಆಗ್ಲಿ ಕಣವ್ವ” ಎಂದು ಅವಳು ಮತ್ತೆ ನೂಲು ಸುತ್ತತೊಡಗಿದಳು.

ಅಂದು ಸುಳ್ಳು ಹೇಳೆಂದದ್ದನ್ನು ಕ್ಷಮಿಸು. ಇವತ್ತಿನದಕ್ಕೆ ಕ್ಷಮೆ ಕೇಳುವುದಿಲ್ಲ, ಆಶೀರ್ವಾದ ಕೇಳುತ್ತೇನೆ. ನೀನಿರುವಲ್ಲಿ ಆ ಹದಿನೇಳೂ ಇದ್ದರೆ, ಅವುಗಳ ತಾಯಂದಿರು ಇಟ್ಟ ಹೆಸರಿನಿಂದಲೇ ಕರೆದು ನನ್ನ ನೆನಪು ಹೇಳು.

ನಿನ್ನ ಹಿರಿಮಗಳು,
ಲೂರ್ದಮ್ಮ