ನಾರ್ಮಲ್ ಬಂದ ತಪ್ಪಿಗೆ

ಮಾರ್ಚ್ ೧೨, ಬುಧವಾರ.

ಎಪ್ಪತ್ತು ದಾಟಿದವರ ಔಷಧಿಗಳನ್ನೆಲ್ಲ ಮತ್ತೆ ಪರಿಶೀಲಿಸಿ, ವಿಮೆಯವರು ನನ್ನ ಕೊಲೆಸ್ಟರಾಲ್ ಮಾತ್ರೆಯನ್ನು ಕೈಬಿಟ್ಟಿದ್ದಾರೆ. ಬೆಳಿಗ್ಗೆ ಫೋನ್ ಮಾಡಿದೆ.

"ನಿಮ್ಮ ರಿಪೋರ್ಟ್ ನಾರ್ಮಲ್ ಇದೆ ಮೇಡಂ, ಮಾತ್ರೆ ಯಾಕೆ?" ಎಂದಳು ಅಲ್ಲಿನ ಹುಡುಗಿ.

"ಮಾತ್ರೆ ತಗೊಳ್ತಿರೋದಕ್ಕೇ ನಾರ್ಮಲ್ ಇರೋದು ಕಣಮ್ಮ."

"ಸಿಸ್ಟಮ್ ಒಪ್ತಿಲ್ಲ ಮೇಡಂ."

ಅವಳದೇನು ತಪ್ಪು. ನಮ್ಮ ಯಜಮಾನರಿಗೂ ಅದೇ ಮಾತ್ರೆ. ಒಂದು ದಿನ ನುಂಗಿದರೆ ಎರಡು ದಿನ ಮರೆಯುತ್ತಾರೆ. ಹಾಗಾಗಿ ಅವರ ರಿಪೋರ್ಟ್ ಕೆಟ್ಟಿದೆ, ವಿಮೆ ಮುಂದುವರಿದಿದೆ. ವಿಷಯ ಹೇಳಿದರೆ ಬಿದ್ದು ಬಿದ್ದು ನಕ್ಕರು.

"ನೋಡಿದ್ಯಾ, ನನ್ನ ಸೋಮಾರಿತನವೇ ನನ್ನ ಕೈ ಹಿಡೀತು!"

ನನಗೆ ನಗು ಬರಲಿಲ್ಲ.

ಊಟವಾದ ಮೇಲೆ ತಮ್ಮ ಮಾತ್ರೆಯನ್ನು ಚಾಕುವಿನಿಂದ ಎರಡು ಮಾಡಿದರು. ಸಮನಾಗಿ ಮುರಿಯಲಿಲ್ಲ. ದೊಡ್ಡ ಚೂರನ್ನು ನನ್ನ ಕಡೆ ತಳ್ಳಿದರು. ಚಿಕ್ಕದನ್ನು, ಇವತ್ತು ಮಾತ್ರ ಮರೆಯದೆ, ತಾವು ನುಂಗಿದರು.